ದೋಷ ಆಕಿ ಕೈಯಾಗ ಐತಿ

ರಾಮದುರ್ಗದ ಕಡೆ ಮನೆ ಕಟ್ಟಿಸುವವರು ಈಗೀಗ ಪಾಯ ತೆಗೆಯುವ ಮೊದಲೇ ಮನೆಯ ಬಣ್ಣ ನೋಡಬೇಕೆನ್ನುತ್ತಾರೆ. ಬೀದಿಯಿಂದ ಮನೆ ಹೇಗೆ ಕಾಣುತ್ತದೆ, ಬಾಲ್ಕನಿಯ ಸ್ಟೀಲು ಹೊಳೆಯುತ್ತದೋ ಇಲ್ಲವೋ, ಸಂಜೆ ದೀಪ ಹಚ್ಚಿದರೆ ಗೋಡೆಯ ಕಲ್ಲು ಯಾವ ಬಣ್ಣಕ್ಕೆ ತಿರುಗುತ್ತದೆ, ಎಲ್ಲ ಮೊದಲು ಮೊಬೈಲಿಗೆ ಬರಬೇಕು. ಎಂಜಿನಿಯರುಗಳು ಅದಕ್ಕೆ ಎಲಿವೇಷನ್ ಎನ್ನುತ್ತಾರೆ. ಕಟ್ಟಿಸುವವರು ಸುಮ್ಮನೆ ‘ಮನಿ ಫೋಟೋ’ ಎನ್ನುತ್ತಾರೆ. ಇನ್ನೂ ಇಲ್ಲದ ಮನೆಯ ಫೋಟೋ. ಅಂಥದನ್ನು ಕಂಪ್ಯೂಟರಿನಲ್ಲಿ ಮಾಡಿಕೊಡುವುದು ದುರ್ಗಾಳ ಕೆಲಸ.

ದುರ್ಗಾ ಕಟಕೋಳದ ಗೌಂಡಿ ಶಟ್ಟೆಪ್ಪನ ಕಿರಿಯ ಮಗಳು. ಅಪ್ಪ ಕಟ್ಟುತ್ತಿದ್ದ ಗೋಡೆಗಳ ನೆರಳಿನಲ್ಲಿ, ಉಸುಕಿನ ಗುಡ್ಡೆಯ ಮೇಲೆ ಕುಳಿತು ಅಕ್ಕ ರೇಣುವಿನ ಜೊತೆ ಆಡಿ ಬೆಳೆದವಳು. ಸಿವಿಲ್ ಡಿಪ್ಲೊಮಾ ಮುಗಿಸಿದಳು. ಆದರೆ ಸ್ಲ್ಯಾಬಿನ ಮೇಲೆ ನಿಂತು ಕೆಲಸ ಮಾಡಿಸುವ ನೌಕರಿಯನ್ನು ಹುಡುಗಿಗೆ ಯಾರೂ ಕೊಡಲಿಲ್ಲ. ಅದಕ್ಕೇ ಕಂಪ್ಯೂಟರಿನ ಮುಂದೆ ಕುಳಿತಳು. ರಾಮದುರ್ಗದಲ್ಲಿ ಬಾಡಿಗೆಗೆ ಕೋಣೆ ಹುಡುಕುವಾಗ ಜನ ಮೊದಲು ಊರು ಕೇಳಿದರು, ಆಮೇಲೆ ಅಡ್ಡಹೆಸರು ಕೇಳಿದರು, ಅದು ಕೇಳಿದ ಮೇಲೆ ಕೋಣೆ ಖಾಲಿ ಇಲ್ಲ ಅಂದರು. ಕೊನೆಗೆ ಒಬ್ಬ ನಿವೃತ್ತ ಕಂಡಕ್ಟರು ತಮ್ಮ ಮಾಳಿಗೆಯ ಕೋಣೆ ಕೊಟ್ಟರು. ಗೋಡೆಗೆ ಬುದ್ಧನ ಪಟ ಹಾಕಿ, ಅವ್ವ ಕೆಂಪವ್ವ ಕೊಟ್ಟ ಯಲ್ಲಮ್ಮನ ಪಟವನ್ನು ಅದರ ಪಕ್ಕದಲ್ಲೇ ತೂಗಿಸಿ, ದುರ್ಗಾ ಅಲ್ಲಿ ಕೆಲಸ ಶುರು ಮಾಡಿದಳು.

ಅಕ್ಕ ರೇಣುವಿನ ಗಂಡ ಮಲ್ಲಿಕಾರ್ಜುನನಿಗೆ ಬೈಲಹೊಂಗಲದಲ್ಲಿ ಕಂಪ್ಯೂಟರ್ ಅಂಗಡಿ. ಕೆಳಗೆ ಅಂಗಡಿ, ಮೇಲೆ ಮನೆ. ಮಾತುಗಾರ. ಮದುವೆ ಮುಂಜಿಗಳಲ್ಲಿ ಹಿರಿಯರ ಮೊಬೈಲ್ ಇಸಿದುಕೊಂಡು ಸರಿ ಮಾಡಿಕೊಟ್ಟು, ಎಲ್ಲರಿಂದ ಶಹಬ್ಬಾಸ್ ಅನ್ನಿಸಿಕೊಳ್ಳುತ್ತಿದ್ದ. ಆ ಸಂಬಂಧ ಬಂದಾಗ ಶಟ್ಟೆಪ್ಪನಿಗೆ ಅಷ್ಟು ಮನಸ್ಸಿರಲಿಲ್ಲ. “ಬಾಳ ಮಾತಾಡತಾನ” ಅಂದಿದ್ದ. ಹಟ ಹಿಡಿದು ಒಪ್ಪಿಸಿದವಳು ದುರ್ಗಾ. “ಅಪ್ಪಾ, ಮಾತಾಡಿದ್ರ ಏನಾತು? ತಿಳಿದಾಂವ ಅದಾನ” ಎಂದು ಅಪ್ಪನ ಜೊತೆ ಜಗಳವಾಡಿದ್ದಳು.

ಹಾಗಾಗಿ ಸ್ವಂತ ಕೆಲಸಕ್ಕೆ ದೊಡ್ಡ ಕಂಪ್ಯೂಟರ್ ಬೇಕಾದಾಗ ಆಕೆ ಬೇರೆ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ಕೂಡಿಟ್ಟದ್ದನ್ನೆಲ್ಲ ಮಾಮಾನ, ಅಂದರೆ ಅಕ್ಕನ ಗಂಡನ, ಕೈಗೆ ಕೊಟ್ಟಳು. ಮಲ್ಲಿಕಾರ್ಜುನ ತಾನೇ ಮಷೀನು ಜೋಡಿಸಿ, ಕಾರಿನಲ್ಲಿ ತಂದು, ಮಾಳಿಗೆಗೆ ಹೊತ್ತು ಇಟ್ಟ. ಒಂದು ಬದಿಗೆ ಗಾಜು ಇದ್ದ ಕಪ್ಪು ಡಬ್ಬಿ. ಒಳಗೆ ಬಣ್ಣದ ದೀಪ ಮಿನುಗುತ್ತಿತ್ತು.

“ಇದರಾಗ ಹಾಕಿರೋ ಗ್ರಾಫಿಕ್ಸ್ ಕಾರ್ಡ್ ನೋಡು. ಇಂಥಾದ್ದು ಈ ತಾಲೂಕಿನಾಗ ಯಾರ ಕಡೇನೂ ಇಲ್ಲ,” ಅಂದ. ಚಿತ್ರದ ಬೆಳಕು, ನೆರಳು, ಗಾಜಿನ ಹೊಳಪು ಲೆಕ್ಕ ಹಾಕುವುದೇ ಆ ಕಾರ್ಡಿನ ಕೆಲಸ. ಅದು ಗಟ್ಟಿ ಇದ್ದರೆ ದಿನವಿಡೀ ಹಿಡಿಯುವ ಚಿತ್ರ ಊಟ ಮಾಡಿ ಬರುವುದರೊಳಗೆ ತಯಾರಾಗುತ್ತದೆ. ಗಾಜಿನ ಮುಂದೆ ನಾದಿನಿಯನ್ನು ನಿಲ್ಲಿಸಿ ಫೋಟೋ ತೆಗೆದು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿಕೊಂಡ. ಯಾರಿಗೆ ಮಷೀನು ಮಾರಿದರೂ ಹಾಗೊಂದು ಫೋಟೋ ಹಾಕುವುದು ಅವನ ರೂಢಿ.

ಆದರೆ ಚಿತ್ರ ಊಟದೊಳಗೆ ತಯಾರಾಗಲಿಲ್ಲ. ಒಂದು ಸಣ್ಣ ಮನೆಯ ಎಲಿವೇಷನ್ನಿಗೂ ಮಷೀನು ಬೆವರುತ್ತಿತ್ತು, ಫ್ಯಾನು ಹಿಟ್ಟಿನ ಗಿರಣಿಯಂತೆ ಕೂಗುತ್ತಿತ್ತು, ಪರದೆ ನೀಲಿಯಾಗಿ ಎಲ್ಲ ಬಂದ್ ಆಗುತ್ತಿತ್ತು. ಕೇಳಿದಾಗಲೆಲ್ಲ ಮಾಮಾ ಫೋನಿನಲ್ಲಿ “ಸೆಟ್ಟಿಂಗ್ ಐತಿ ಅದು, ಸರಿ ಮಾಡಕೋ” ಎನ್ನುತ್ತಿದ್ದ. ಯಾವ ಸೆಟ್ಟಿಂಗ್ ಅಂತ ಹೇಳುತ್ತಿರಲಿಲ್ಲ.

ದುರ್ಗಾಳಿಗೆ ಹೆಚ್ಚು ಕೆಲಸ ಕೊಡುತ್ತಿದ್ದವರು ರಾಮದುರ್ಗದ ಎಂಜಿನಿಯರ್ ನಿಜಗುಣಪ್ಪ. ಅವರ ಕೈಗೆ ಆ ವರ್ಷ ದೊಡ್ಡ ಕೆಲಸ ಬಂತು. ಒಂದು ಕಲ್ಯಾಣ ಮಂಟಪ. ಕಟ್ಟಿಸುವವರಿಗೆ ಬರೀ ಫೋಟೋ ಸಾಲದು, ಬಾಗಿಲಿನಿಂದ ಒಳಹೊಕ್ಕು ಇಡೀ ಮಂಟಪ ಸುತ್ತಿ ಬಂದಂತೆ ವಿಡಿಯೋ ಬೇಕು. ನಿಜಗುಣಪ್ಪ ಅದನ್ನು ದುರ್ಗಾಳಿಗೇ ಕೊಟ್ಟರು. ಆಕೆ ಕಂಬದ ಕೆತ್ತನೆಯಿಂದ ಹಿಡಿದು ಊಟದ ಕೋಣೆಯ ಬೆಂಚಿನವರೆಗೆ ಎಲ್ಲವನ್ನೂ ಕಟ್ಟಿದಳು. ವಿಡಿಯೋ ಹೊರತೆಗೆಯುವಾಗ ಮಷೀನು ಮತ್ತೆ ಮತ್ತೆ ಸತ್ತಿತು. ಮಂಟಪದವರು ಬಂದು ಕುಳಿತ ದಿನ ತೋರಿಸಲು ಏನೂ ಇರಲಿಲ್ಲ.

ನಿಜಗುಣಪ್ಪ ಬೇಸರ ಮಾಡಿಕೊಂಡು ಕೋಣೆಗೇ ಬಂದರು. ದುರ್ಗಾ ಫೋನ್ ಮಾಡಿ ಮಾಮಾನನ್ನೂ ಕರೆಸಿದ್ದಳು. ಮಲ್ಲಿಕಾರ್ಜುನ ಬಂದು, ಮೌಸ್ ಅಲುಗಾಡಿಸಿ, ಪರದೆ ನೋಡಿ ನಕ್ಕ.

“ಮಷೀನದಾಗ ಏನೂ ತಪ್ಪಿಲ್ಲರಿ ಸರ. ಇಂಥಾವು ಎಷ್ಟೋ ಮಂದಿಗೆ ಕೊಟ್ಟೇನಿ, ಒಬ್ಬರೂ ಒಂದ್ ಮಾತು ಅಂದಿಲ್ಲ. ದೋಷ ಆಕಿ ಕೈಯಾಗ ಐತಿ. ಪಾಪ, ಯೂಟ್ಯೂಬ್ ನೋಡಿ ಕಲತಾಳ, ಎಷ್ಟಂತ ಬರತೈತಿ?”

ನಿಜಗುಣಪ್ಪನವರೂ ನಕ್ಕರು. ಜೋರಾಗಿಯೇನಲ್ಲ, ಹೌದು ಹೌದು ಎನ್ನುವ ಹಾಗೆ. ಮಂಟಪದ ಕೆಲಸ ಬೆಳಗಾವಿಯ ಯಾರಿಗೋ ಹೋಯಿತು. ಆಮೇಲೆ ಸಣ್ಣ ಮನೆಗಳ ಕೆಲಸವೂ ತೆಳುವಾಯಿತು. ರಾಮದುರ್ಗದಂಥ ಊರಿನಲ್ಲಿ ಒಬ್ಬ ಎಂಜಿನಿಯರ್ ನಕ್ಕದ್ದು ಉಳಿದವರಿಗೆ ಮುಟ್ಟಲು ಹೊತ್ತು ಹಿಡಿಯುವುದಿಲ್ಲ.

ದುರ್ಗಾಳಿಗೆ ಆಗ ಮಾಮಾನ ಮೇಲೆ ಸಿಟ್ಟು ಇತ್ತು, ಸಂಶಯ ಇರಲಿಲ್ಲ. ತನ್ನ ಕೈ ಸರಿ ಇದೆ ಎಂದು ತೋರಿಸಬೇಕು, ಅಷ್ಟೇ. ಆಕೆ ಬಳಸುತ್ತಿದ್ದ ಚಿತ್ರದ ಸಾಫ್ಟ್‌ವೇರ್ ಬ್ಲೆಂಡರ್, ಪುಕ್ಕಟೆ ಸಿಗುವಂಥದ್ದು. ಅದು ವಿಂಡೋಸ್ ಬದಲಿಗೆ ಪುಕ್ಕಟೆ ಹಾಕಿಕೊಳ್ಳಬಹುದಾದ ಲಿನಕ್ಸ್ ಮೇಲೆ ಹಗುರವಾಗಿ ಓಡುತ್ತದೆ ಎಂದು ಎಲ್ಲೋ ಓದಿದ್ದಳು. ಮಾಮಾ ಹಾಕಿಕೊಟ್ಟ ವಿಂಡೋಸ್ ಹೇಗೂ ಕದ್ದದ್ದು. ತೆಗೆದುಹಾಕಿದರೆ ಹೋಯಿತು ಎಂದು ಪೆನ್ ಡ್ರೈವಿಗೆ ಉಬುಂಟು ಎಂಬ ಲಿನಕ್ಸ್ ಇಳಿಸಿಕೊಂಡು, ಒಂದು ರವಿವಾರ ಮುಂಜಾನೆ ಕುಳಿತಳು.

ಲಿನಕ್ಸ್ ಸಲೀಸಾಗಿ ಏರಿತು. ಪರದೆ ಬಂತು, ವೈಫೈ ಹಿಡಿಯಿತು, ಕನ್ನಡ ಅಕ್ಷರಗಳೂ ಮೂಡಿದವು. ತೊಡಕು ಶುರುವಾದದ್ದು ಗ್ರಾಫಿಕ್ಸ್ ಕಾರ್ಡಿನ ಡ್ರೈವರ್ ಹಾಕುವಾಗ. ಡ್ರೈವರ್ ಅಂದರೆ ಕಾರ್ಡಿಗೂ ಕಂಪ್ಯೂಟರಿಗೂ ನಡುವೆ ಮಾತು ಮುಟ್ಟಿಸುವ ಪ್ರೋಗ್ರಾಮು. ಅದಿಲ್ಲದೆ ಕಾರ್ಡಿನ ಪೂರ್ತಿ ಶಕ್ತಿ ಸಿಗುವುದಿಲ್ಲ. ಕಾರ್ಡಿನ ಹೆಸರಿಗೆ ತಕ್ಕ ಡ್ರೈವರನ್ನೇ ಹಾಕಿದಳು. ಮಷೀನು ಮತ್ತೆ ಎದ್ದಾಗ ಪರದೆ ಕಪ್ಪಗೆ ಕುಳಿತಿತ್ತು. ತೆಗೆದಳು, ಹಳೆಯ ಆವೃತ್ತಿ ಹಾಕಿದಳು, ಮತ್ತೆ ಕಪ್ಪು. ಇಡೀ ಲಿನಕ್ಸನ್ನೇ ಅಳಿಸಿ ಮೊದಲಿನಿಂದ ಹಾಕಿದಳು. ಈ ಸಲ ಡ್ರೈವರ್ ಒಂದು ಸಾಲು ಬರೆದು ಕೈ ಎತ್ತಿತು: ತನಗೆ ಹೊಂದುವ ಕಾರ್ಡು ಈ ಯಂತ್ರದಲ್ಲಿ ಇಲ್ಲ.

ಕಾರ್ಡು ಕಣ್ಣೆದುರು ಗಾಜಿನೊಳಗೆ ದೀಪ ಮಿನುಗಿಸುತ್ತ ಕುಳಿತಿತ್ತು. ಡ್ರೈವರ್ ಮಾತ್ರ ಇಲ್ಲ ಅನ್ನುತ್ತಿತ್ತು. ವಾರವಿಡೀ ಇದೇ ನಡೆಯಿತು. ಒಂದು ಹಂತದಲ್ಲಿ ಆಕೆ ಕೀಬೋರ್ಡಿನ ಮೇಲಿಂದ ಕೈ ತೆಗೆದು ತೊಡೆಯ ಮೇಲೆ ಇಟ್ಟುಕೊಂಡು ಸುಮ್ಮನೆ ಕುಳಿತಳು. ಮಾಮಾ ಅಂದದ್ದು ಖರೆ ಇರಬೇಕು, ನನ್ನ ಕೈಯಲ್ಲೇ ಏನೋ ಇದೆ ಎಂದು ಆಕೆಗೆ ಅನ್ನಿಸಿತು.

ಲಿನಕ್ಸ್ ಬಳಸುವವರು ಒಬ್ಬರಿಗೊಬ್ಬರು ನೆರವಾಗುವ ಒಂದು ಜಾಲತಾಣದಲ್ಲಿ ತನ್ನ ತೊಂದರೆ ಬರೆದು ಹಾಕಿದಳು. ಯಾರೋ ಅಪರಿಚಿತರು ಉತ್ತರಿಸಿದರು: ಕಂಪನಿಯ ಡ್ರೈವರ್ ಪೂರ್ತಿ ತೆಗೆಯಿರಿ, ಲಿನಕ್ಸಿನ ಜೊತೆಗೇ ಬರುವ ಮುಕ್ತ ಡ್ರೈವರಿನಲ್ಲಿ ಮಷೀನು ಎಬ್ಬಿಸಿ, ಏಳುವಾಗ ಅದು ಬರೆಯುವ ಸಾಲುಗಳನ್ನು ಇಲ್ಲಿ ಹಾಕಿ. ಹಾಕಿದಳು. ಬಂದ ಉತ್ತರ ಚಿಕ್ಕದು. ನಿಮ್ಮ ಕಾರ್ಡು ನಕಲಿ. ಒಳಗಿನ ಚಿಪ್ಪು ಬಹಳ ಹಳೆಯ ಕಾಲದ್ದು, ಗುಜರಿಯಲ್ಲಿ ಸಿಗುವಂಥದ್ದು. ಅದಕ್ಕೆ ಹೊಸ ಕಾರ್ಡಿನ ಹೆಸರು ತುಂಬಿದ್ದಾರೆ. ವಿಂಡೋಸ್ ಕಾರ್ಡನ್ನು ಹೆಸರೇನೆಂದು ಕೇಳುತ್ತದೆ, ಅದು ಹೇಳಿದ್ದನ್ನು ನಂಬುತ್ತದೆ. ಲಿನಕ್ಸಿನ ಈ ಡ್ರೈವರ್ ಹೆಸರು ಕೇಳುವುದಿಲ್ಲ. ನೇರವಾಗಿ ಚಿಪ್ಪನ್ನೇ ಓದುತ್ತದೆ.

ದುರ್ಗಾ ಕರೆಂಟು ತೆಗೆದು ಡಬ್ಬಿ ಬಿಚ್ಚಿದಳು. ಕಾರ್ಡು ಹೊರಗೆಳೆದು, ಸ್ಕ್ರೂ ಬಿಚ್ಚಿ, ಫ್ಯಾನು ಎತ್ತಿ, ಚಿಪ್ಪಿನ ಮೇಲಿನ ಒಣಗಿದ ಅಂಟನ್ನು ಅರಿವೆಯಿಂದ ಒರೆಸಿದಳು. ಅದರ ಮೈಮೇಲೆ ಕೊರೆದ ಅಕ್ಷರಗಳು ಕಂಡವು. ಹೊರಗಿನ ಸ್ಟಿಕ್ಕರ್ ಒಂದು ಹೇಳುತ್ತಿತ್ತು, ಚಿಪ್ಪು ಇನ್ನೊಂದು ಹೇಳುತ್ತಿತ್ತು.

ಮೊದಲು ಆಕೆಗೆ ನಗು ಬಂತು. ಕೈ ಸರಿ ಇತ್ತು! ಆ ನಗು ಇಳಿದ ಮೇಲೆ ಬಂದದ್ದು ಬೇರೆ. ಕೂಗಾಡುವ ಸಿಟ್ಟಲ್ಲ. ಗೌಂಡಿಯ ಮಗಳಿಗೆ ಗೊತ್ತಿರುವಂಥ, ತಳದಿಂದ ಕಲ್ಲು ಇಡುತ್ತ ಬರುವ ಸಿಟ್ಟು.

ಊರಿಗೆ ಹೋಗಿ ಅವ್ವನಿಗಷ್ಟೇ ಹೇಳಿದಳು. ಕೆಂಪವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. “ಅವನಿಗೂ ಗೊತ್ತಿಲ್ಲದ ಆಗಿರಬೇಕು. ಕೇಳಿ ನೋಡವ್ವಾ. ಮನಿ ಮಾತು, ಮನ್ಯಾಗ ಮುಗೀಲಿ. ರೇಣು ಬಾಳೇವು ಐತಿ ಅಲ್ಲೆ.”

ಕೇಳಿ ನೋಡಲು ದುರ್ಗಾ ಬೈಲಹೊಂಗಲಕ್ಕೆ ಹೋದಳು. ರೇಣು ತಂಗಿ ಬಂದಳೆಂದು ಎಣ್ಣೆಗಾಯಿ ಪಲ್ಯ ಮಾಡಿ, ಬಿಸಿ ರೊಟ್ಟಿ ಬಡಿದಳು. ಮಲ್ಲಿಕಾರ್ಜುನ ಅಂಗಡಿಯಿಂದ ಮೇಲೆ ಬಂದು ಜೊತೆಗೆ ಊಟಕ್ಕೆ ಕುಳಿತ.

“ಮಾಮಾ, ನನ್ನ ಮಷೀನದಾಗಿನ ಕಾರ್ಡ್ ಹೊಸಾದೋ ಹಳೇದೋ?” ದುರ್ಗಾ ರೊಟ್ಟಿ ಮುರಿಯುತ್ತ ಕೇಳಿದಳು.

“ಯಾಕ? ಯಾರರ ಏನರ ಅಂದ್ರೇನು?”

“ಯಾರೂ ಅಂದಿಲ್ರಿ. ಸುಮ್ಮ ಕೇಳಿದೆ.”

ಮಲ್ಲಿಕಾರ್ಜುನ ರೊಟ್ಟಿ ಬಡಿಸಲು ಬಗ್ಗಿದ ರೇಣುವಿನ ತಲೆಯ ಮೇಲೆ ಎಡಗೈ ಇಟ್ಟ. “ನೋಡು, ನಿಮ್ಮಕ್ಕನ ಆಣಿ ಮಾಡಿ ಹೇಳತೇನಿ. ಪೆಟಗಿ ಒಡದು ನನ್ನ ಕೈಯಾರೆ ಹಾಕೇನಿ. ಹೊಸಾದು, ಅಸಲಿ. ಸಾಕಾ?”

“ಕೈ ತಗೀರಿ, ರೊಟ್ಟಿ ಬೀಳತೈತಿ,” ಎಂದು ರೇಣು ನಕ್ಕಳು.

ಅಕ್ಕ ನಕ್ಕದ್ದನ್ನು ನೋಡುತ್ತ ದುರ್ಗಾ ಉಳಿದ ರೊಟ್ಟಿ ತಿಂದು ಮುಗಿಸಿದಳು. ಅಲ್ಲೇ ಹೇಳಿಬಿಡಬಹುದಿತ್ತು. ಚೀಲದಲ್ಲಿ ಕಾರ್ಡೂ ಇತ್ತು. ಆದರೆ ಆಕೆ ಕೈ ತೊಳೆದುಕೊಂಡು, ಅಕ್ಕ ಕಟ್ಟಿಕೊಟ್ಟ ಶೇಂಗಾ ಚಟ್ನಿ ಇಸಿದುಕೊಂಡು ಬಸ್ಸು ಹತ್ತಿದಳು. ಗೊತ್ತಿದ್ದೇ ಮಾಡಿದ್ದಾನೋ ಇಲ್ಲವೋ ಎಂಬುದು ಇನ್ನೂ ಗಟ್ಟಿಯಾಗಿರಲಿಲ್ಲ. ಗಟ್ಟಿ ಮಾಡಿಕೊಂಡೇ ಬಾಯಿ ತೆರೆಯಬೇಕು, ತೆರೆದರೆ ಅವನು ಮತ್ತೆ ಬಾಯಿ ತೆರೆಯಬಾರದು. ಅದು ಆಕೆಯ ಯೋಚನೆ.

ದಾರಿ ತೋರಿಸಿದ್ದು ಅವನದೇ ವಾಟ್ಸಾಪ್ ಸ್ಟೇಟಸ್ಸು. ದುರ್ಗಾ ಅವನು ಹಾಕುತ್ತಿದ್ದ ಫೋಟೋಗಳನ್ನು ಮೊಬೈಲಿಗೆ ಇಳಿಸಿಕೊಂಡಳು. ಹೊಸ ಮಷೀನಿನ ಪಕ್ಕ ನಗುತ್ತ ನಿಂತ ಜನ, ಹಿಂದೆ ಅವರ ಅಂಗಡಿಯ ಬೋರ್ಡು. ಒಬ್ಬೊಬ್ಬರ ಹತ್ತಿರವೂ ಹೋಗಿ, “ಪುಕ್ಕಟೆ ಲಿನಕ್ಸ್ ತೋರಸತೇನಿ, ನಿಮ್ಮ ಮಷೀನದಾಗ ಏನೂ ಅಳಸಂಗಿಲ್ಲ, ಪೆನ್ ಡ್ರೈವ್ ಮ್ಯಾಲ ಓಡತೈತಿ” ಎಂದು ಹೇಳತೊಡಗಿದಳು. ಅದು ಸುಳ್ಳೂ ಆಗಿರಲಿಲ್ಲ. ಪೆನ್ ಡ್ರೈವಿನಿಂದ ಮಷೀನು ಎದ್ದರೆ ಸಾಕು, ಚಿಪ್ಪಿನ ಖರೆ ಹೆಸರು ಬರುತ್ತಿತ್ತು.

ಮೊದಲು ಹೋದದ್ದು ಸವದತ್ತಿಗೆ, ದಿಗಂಬರ ಎಂಬ ಹಿರಿಯರ ಫೋಟೋ ಸ್ಟುಡಿಯೋಕ್ಕೆ. ಅವರು ಆಕೆಯನ್ನು ಕೂರಿಸಿ, ಲಿನಕ್ಸಿನ ಬಗ್ಗೆ ನೂರು ಪ್ರಶ್ನೆ ಕೇಳಿದರು. ಪೆನ್ ಡ್ರೈವ್ ಹಚ್ಚಿದರು. ಕಾರ್ಡು ಅಸಲಿ. ದುರ್ಗಾಳಿಗೆ ಕಾರ್ಡಿನ ಮೇಲೇ ಸಿಟ್ಟು ಬಂತು. ನಕಲಿ ಆಗಿರಲಿ ಎಂದು ದಾರಿಯುದ್ದಕ್ಕೂ ಬೇಡಿಕೊಂಡು ಬಂದಿದ್ದಳು. ‘ಇದೂ ನಕಲಿ ಐತ್ರಿ’ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೇಳಿದ್ದರೆ ಅವತ್ತು ಅವರು ನಂಬುತ್ತಿದ್ದರೇನೋ. ಆದರೆ ನುಂಗಿಕೊಂಡಳು.

ಕಿತ್ತೂರಿನಲ್ಲಿ ಬೀರವ್ವ ಎಂಬಾಕೆ ಫ್ಲೆಕ್ಸ್ ಬ್ಯಾನರ್ ಮಾಡಿಕೊಡುವ ಅಂಗಡಿ ಇಟ್ಟಿದ್ದಳು. ಗಂಡನಿಲ್ಲದ ಮೇಲೆ ತಾನೇ ಡಿಸೈನ್ ಕಲಿತವಳು. ಆಕೆಯ ಕಾರ್ಡು ನಕಲಿ. ಸುರೇಬಾನದಲ್ಲಿ ಸೀರೆಯ ಅಂಚಿನ ನಮೂನೆ ಬಿಡಿಸುವ ನೇಕಾರನದು ನಕಲಿ. ಬೈಲಹೊಂಗಲದ ಹತ್ತಿರದ ಹಳ್ಳಿಯಲ್ಲಿ ಮದುವೆಯ ವಿಡಿಯೋ ಮಾಡುವ ರಾಮಲಿಂಗಪ್ಪನದು ನಕಲಿ. ಬೈಲಹೊಂಗಲದಲ್ಲೇ ಕಂಪ್ಯೂಟರ್ ಕ್ಲಾಸು ನಡೆಸುವವರೊಬ್ಬರದು ಅಸಲಿ.

ಬೀರವ್ವ ಹೇಳಿದ ಮಾತಿನಿಂದ ದುರ್ಗಾಳಿಗೆ ಎಲ್ಲ ತಿಳಿಯಿತು. “ತಗೊಳ್ಳುವಾಗ ನಾ ಕೇಳಿದ್ನೆವ್ವಾ, ಕಾರ್ಡ್ ಅಂದ್ರೇನು ಅಂತ. ಅಂವ ಅಂದ, ಬೀರವ್ವಕ್ಕ, ಅದನ್ನ ತಿಳಕೊಂಡು ನೀವೇನ್ ಮಾಡತೀರಿ, ನಾ ಅದೀನಲ್ಲ ಅಂತ.”

ಚಿಪ್ಪಿನ ಹೆಸರು ಹಿಡಿದು ಕೇಳಿದವರಿಗೆ ಅಸಲಿ ಕೊಟ್ಟಿದ್ದ. ಕೇಳಲು ಬಾರದವರಿಗೆ ನಕಲಿ. ಅವನಿಗೆ ಮಾಲು ಕಳಿಸುವ ಮೇಲಿನ ವ್ಯಾಪಾರಿ ಮೋಸ ಮಾಡಿದ್ದರೆ ಅದು ಹೀಗೆ ಆರಿಸಿ ಆರಿಸಿ ಬೀಳುತ್ತಿರಲಿಲ್ಲ. ದುರ್ಗಾ ಕೇಳಿರಲಿಲ್ಲ, ಯಾಕೆಂದರೆ ಅವನು ಅಕ್ಕನ ಗಂಡ. ಅವಳ ನಂಬಿಕೆ ಅವನ ಕಣ್ಣಿಗೆ ದಡ್ಡತನವಾಗಿ ಕಂಡಿತ್ತು.

ಬೀರವ್ವ, ನೇಕಾರ, ರಾಮಲಿಂಗಪ್ಪ ಮೂವರಿಗೂ ದುರ್ಗಾ ಒಂದೇ ಮಾತು ಹೇಳಿದ್ದಳು. “ಈಗ ಜಗಳಾ ತಗೀಬ್ಯಾಡ್ರಿ. ಒಬ್ಬೊಬ್ಬರು ಹೋದ್ರ ಒಬ್ಬೊಬ್ಬರ ಬಾಯಿ ಮುಚ್ಚಸತಾನ. ಕೂಡಿ ಹೋಗೋಣು.” ಸಂತೆಯ ದಿನ ಗೊತ್ತು ಮಾಡಿದಳು. ಆ ದಿನ ಅಂಗಡಿಯ ಮುಂದೆ ಜನ ಇರುತ್ತಾರೆಂಬುದು ಅವಳಿಗೆ ಗೊತ್ತಿತ್ತು. ದಿಗಂಬರರಿಗೂ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದಳು. ಅವರು “ಬರ್ತೇನವಾ, ನನ್ನ ಕಾರ್ಡಿನ ಬಗ್ಗೆ ಎಷ್ಟು ಕೇಳ್ತೀರೋ ಅಷ್ಟು ಹೇಳ್ತೇನಿ” ಅಂದರು.

ನಿಜಗುಣಪ್ಪನವರಿಗೆ ಮಾತ್ರ ಏನೂ ಹೇಳಲಿಲ್ಲ. ಅವರು ತಮ್ಮ ಆಫೀಸಿಗೆ ಹೊಸ ಮಷೀನು ಬೇಕೆನ್ನುತ್ತಿದ್ದರು. “ಬರ್ರಿ ಸರ, ಮಾಮಾನ ಅಂಗಡ್ಯಾಗ ನೋಡೋಣು. ನಾನೂ ಬರತೇನಿ,” ಎಂದು ಅವರ ಕಾರಿನಲ್ಲೇ ಕುಳಿತು ಹೊರಟಳು.

ಅಂಗಡಿ ತಲುಪಿದಾಗ ಉಳಿದವರು ಟೆಂಪೋದಿಂದ ಡಬ್ಬಿಗಳನ್ನು ಇಳಿಸುತ್ತಿದ್ದರು. ಮಲ್ಲಿಕಾರ್ಜುನ ಮೊದಲು ದುರಸ್ತಿಗೆ ಬಂದವೆಂದು ತಿಳಿದ. ದುರ್ಗಾಳನ್ನೂ ನಿಜಗುಣಪ್ಪನವರನ್ನೂ ನೋಡಿ, “ಬರ್ರಿ ಸರ, ಕುಂಡ್ರಿ. ಏ ದುರ್ಗಾ, ಫೋನರ ಮಾಡಬಾರದಾ?” ಅಂದ.

ದುರ್ಗಾ ಕುಳಿತುಕೊಳ್ಳಲಿಲ್ಲ. ಬೀರವ್ವನ ಡಬ್ಬಿಯನ್ನು ಅಂಗಡಿಯ ದೊಡ್ಡ ಟಿವಿಗೆ ಜೋಡಿಸಿ ಪೆನ್ ಡ್ರೈವ್ ಹಚ್ಚಿದಳು. ಸಾಲುಗಳು ಓಡಿದವು, ಚಿಪ್ಪಿನ ಹೆಸರು ನಿಂತಿತು. ಡಬ್ಬಿಯ ಮೇಲಿನ ಸ್ಟಿಕ್ಕರನ್ನು ಬೀರವ್ವನ ಕೈಯಿಂದಲೇ ಗಟ್ಟಿಯಾಗಿ ಓದಿಸಿದಳು. ಆಮೇಲೆ ನೇಕಾರನದು, ಆಮೇಲೆ ರಾಮಲಿಂಗಪ್ಪನದು. ಸಂತೆಗೆ ಬಂದ ಜನ ಬಾಗಿಲಲ್ಲಿ ನಿಂತು ನೋಡತೊಡಗಿದರು. ಕೊನೆಗೆ ಚೀಲದಿಂದ ತನ್ನ ಕಾರ್ಡು ತೆಗೆದು, ಫ್ಯಾನು ಬಿಚ್ಚಿ, ಚಿಪ್ಪು ಕಾಣುವಂತೆ ನಿಜಗುಣಪ್ಪನವರ ಅಂಗೈಯಲ್ಲಿ ಇಟ್ಟಳು.

“ಸರ, ಕಲ್ಯಾಣ ಮಂಟಪದ ವಿಡಿಯೋ ಮಾಡುವಾಗ ಸತ್ತ ಮಷೀನಿನ ಕಾರ್ಡ್ ಇದು.”

ಮಲ್ಲಿಕಾರ್ಜುನನ ಹಣೆ ಹೊಳೆಯುತ್ತಿತ್ತು. “ಅಯ್ಯ, ಮ್ಯಾಲಿನವರು ನನಗೂ ಮೋಸ ಮಾಡ್ಯಾರಲ್ಲೋ! ನನಗೇನ್ ಗೊತ್ತು? ಪೆಟಗಿ ಬಂದಂಗ ಹಾಕೇನಿ ನಾ.”

“ಹೌದ್ರೇನು ಮಾಮಾ? ಹಂಗಾದ್ರ ನಿಮ್ಮ ಮಷೀನಿಗೂ ಹಚ್ಚೋಣು. ಅದೂ ನಕಲಿ ಇರಬೇಕಲ್ಲ.”

ಅವನು ಕೈ ಅಡ್ಡ ಹಿಡಿಯುವಷ್ಟರಲ್ಲಿ ಆಕೆ ಕೌಂಟರಿನ ಹಿಂದಿನ ಮಷೀನಿಗೆ ಟಿವಿಯ ತಂತಿ ಸೇರಿಸಿ ಪೆನ್ ಡ್ರೈವ್ ಚುಚ್ಚಿಯಾಗಿತ್ತು. ಟಿವಿಯ ಮೇಲೆ ಚಿಪ್ಪಿನ ಹೆಸರು ಬಂತು. ಹೊಸದು, ಅಸಲಿ. ದಿಗಂಬರರು ಮೆಲ್ಲಗೆ, “ನನ್ನದೂ ಅಸಲಿನೇ ಬಂದೈತಿ. ನಾ ತಗೊಳ್ಳುವಾಗ ಚಿಪ್ಪು ಯಾವುದಂತ ಕೇಳಿದ್ದೆ, ನೆನಪೈತೇನ್ ಮಲ್ಲಿಕಾರ್ಜುನ?” ಅಂದರು.

ಮಲ್ಲಿಕಾರ್ಜುನ ಹಣೆ ಒರೆಸಿಕೊಂಡ. “ಎಲ್ಲಾರಿಗೂ ಬದಲಿ ಮಾಡಿ ಕೊಡತೇನ್ರಿ. ಹೊಸಾವು ತರಸತೇನಿ. ಒಳಗ ಬರ್ರಿ, ಕುಂತು ಮಾತಾಡೋಣು.”

“ಅವರಿಗೆ ಕೊಡ್ರಿ,” ಅಂದಳು ದುರ್ಗಾ. “ನನಗ ಕಾರ್ಡ್ ಬ್ಯಾಡ. ಅವತ್ತು ಸರ್ ಮುಂದ ಒಂದ್ ಮಾತು ಅಂದಿದ್ರೆಲ್ಲ, ದೋಷ ಎಲ್ಲಿ ಐತಿ ಅಂತ. ಈಗ ಹೇಳ್ರಿ.”

“ದುರ್ಗಾ…”

“ಹೇಳ್ರಿ.”

“ದೋಷ ಮಷೀನದಾಗ ಇತ್ರಿ ಸರ.” ಅವನ ದನಿ ಕೌಂಟರಿನಾಚೆಗೂ ದಾಟಲಿಲ್ಲ.

“ಬಾಗಲದಾಗ ನಿಂತವರಿಗೆ ಕೇಳಸಲಿಲ್ಲ ಮಾಮಾ.”

ಅವನು ಮತ್ತೆ ಹೇಳಿದ. ಈ ಸಲ ಎಲ್ಲರಿಗೂ ಕೇಳಿಸಿತು. ನಿಜಗುಣಪ್ಪನವರು ಅಂಗೈಯ ಚಿಪ್ಪನ್ನೇ ನೋಡುತ್ತ ನಿಂತಿದ್ದರು. ಅವರು ದುರ್ಗಾಳ ಮುಖ ನೋಡಲಿಲ್ಲ. ಅದನ್ನೂ ಆಕೆ ಸವಿದಳು.

ಗದ್ದಲ ಕೇಳಿ ರೇಣು ಮೆಟ್ಟಿಲಿಳಿದು ಬಂದಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ತಂಗಿ ತಿರುಗಿದಾಗ, “ಮನ್ಯಾಗ ಹೇಳಬಹುದಿತ್ತಲ್ಲ ದುರ್ಗಾ,” ಅಂದಳು.

“ಮನ್ಯಾಗ ಹೇಳಿದ್ರ ಮನ್ಯಾಗ ಉಳೀತಿತ್ತು ಅಕ್ಕ. ಅಂವ ಊರಾಗ ಅಂದಿದ್ದ.”

“ಅವತ್ತು ಊಟಕ್ಕ ಬಂದಾಗ ನಿನಗ ಗೊತ್ತಿತ್ತೇನು? ನನ್ನ ತಲಿ ಮ್ಯಾಲ ಕೈ ಇಟ್ಟಾಗ?”

“ಗೊತ್ತಿತ್ತು.”

ರೇಣು ಗಂಡನ ಕಡೆ ನೋಡಿದಳು, ತಂಗಿಯ ಕಡೆ ನೋಡಿದಳು. ಮೇಲೆ ಹೋಗಿ ಬಾಗಿಲು ಹಾಕಿಕೊಂಡಳು.

ಮಲ್ಲಿಕಾರ್ಜುನ ಮೂವರ ಕಾರ್ಡುಗಳನ್ನೂ ಬದಲಿಸಿಕೊಟ್ಟ. ಆದರೂ ಅಂಗಡಿ ಏಳಲಿಲ್ಲ. ಅವತ್ತು ಬಾಗಿಲಲ್ಲಿ ನಿಂತವರು ಮೊಬೈಲಿನಲ್ಲಿ ಹಿಡಿದದ್ದು ನಾಲ್ಕೂ ತಾಲೂಕಿನ ಗ್ರೂಪುಗಳಲ್ಲಿ ಓಡಾಡಿತು. ಜನ ಮೌಸ್ ಕೊಳ್ಳಲೂ ಬರದಾದರು. ದುರ್ಗಾಳ ಕೋಣೆಗೆ ಬರುವವರು ಹೆಚ್ಚಾದರು. ನಿಜಗುಣಪ್ಪನವರು ಕೆಲಸ ಕಳಿಸಿದರು, ತಪ್ಪಾಯಿತು ಎಂಬ ಮಾತನ್ನು ಕಳಿಸಲಿಲ್ಲ. ಆಕೆ ಅವರ ಕೆಲಸವನ್ನು ಎಲ್ಲರ ಕೆಲಸ ಮುಗಿದ ಮೇಲೆ ಕೈಗೆತ್ತಿಕೊಳ್ಳುತ್ತಿದ್ದಳು. ಅಸಲಿ ಕಾರ್ಡು ಕೊಂಡು ಲಿನಕ್ಸಿನಲ್ಲಿ ಡ್ರೈವರ್ ಹಾಕಿದ ದಿನ, ಕಲ್ಯಾಣ ಮಂಟಪದ ಹಳೆಯ ಕಡತ ತೆರೆದು, ಯಾರಿಗೂ ಬೇಡವಾದ ಆ ವಿಡಿಯೋವನ್ನು ಪೂರ್ತಿ ಹೊರತೆಗೆದು ತಾನೊಬ್ಬಳೇ ನೋಡಿದಳು.

ಇಷ್ಟಕ್ಕೇ ನಿಂತಿದ್ದರೆ ಜನ ಆಕೆಯನ್ನು ಹೊಗಳಿ ಸುಮ್ಮನಾಗುತ್ತಿದ್ದರು. ಸವದತ್ತಿ ಕಡೆಯ ಒಂದು ಖಾಸಗಿ ಶಾಲೆಗೆ ದುರ್ಗಾ ಕಂಪ್ಯೂಟರುಗಳಿಗೆಲ್ಲ ಲಿನಕ್ಸ್ ಹಾಕಿಕೊಟ್ಟಿದ್ದಳು. ಅಂಗಡಿ ನೆಲಕ್ಕೆ ಕುಳಿತ ಮೇಲೆ ಮಲ್ಲಿಕಾರ್ಜುನ ಅಲ್ಲಿ ಕಂಪ್ಯೂಟರ್ ಮಾಸ್ತರಿಕೆಗೆ ಅರ್ಜಿ ಹಾಕಿದ. ಶಾಲೆಯವರು ಆಕೆಗೆ ಫೋನ್ ಮಾಡಿ, ಇವರು ಗೊತ್ತೇನು, ಹೇಗೆ ಎಂದು ಕೇಳಿದರು. ಗೊತ್ತಿಲ್ಲ ಎಂದಿದ್ದರೂ ನಡೆಯುತ್ತಿತ್ತು. ದುರ್ಗಾ ಒಂದನ್ನೂ ಬಿಡದೆ ಎಲ್ಲ ಹೇಳಿದಳು. ಜೊತೆಗೆ ಸಂತೆಯ ದಿನ ಅಂಗಡಿಯ ಬಾಗಿಲಲ್ಲಿ ಜನ ಹಿಡಿದ ವಿಡಿಯೋನೂ ಕಳಿಸಿದಳು. ನೌಕರಿ ಸಿಗಲಿಲ್ಲ.

ಇದು ಕಟಕೋಳಕ್ಕೂ ಮುಟ್ಟಿತು. ಕೆಂಪವ್ವ ಫೋನ್ ಮಾಡಿ ಅಂದಳು: “ಒಮ್ಮೆ ಹೊಡದಿ, ಖರೆ ಇತ್ತು. ಬಿದ್ದಾಂವನ್ನ ಮತ್ಯಾಕ ಹೊಡದಿ?”

“ಅವರು ಕೇಳಿದ್ರು, ನಾ ಹೇಳಿದೆ.”

“ಕೇಳಿದ್ದಷ್ಟ ಹೇಳಿದೇನು?”

ದುರ್ಗಾ ಫೋನ್ ಇಟ್ಟಳು. ಬಹಳ ದಿನ ಊರಿಗೆ ಹೋಗಲಿಲ್ಲ.

ಒಂದು ಮಧ್ಯಾಹ್ನ ರೇಣು ರಾಮದುರ್ಗಕ್ಕೆ ಬಂದಳು. ಸಂತೆಯ ದಿನದ ನಂತರ ಅಕ್ಕ ತಂಗಿ ಎದುರುಬದುರಾದದ್ದು ಅದೇ ಮೊದಲು. ಕೋಣೆಯೊಳಗೆ ಬಂದವಳು ಕುಳಿತುಕೊಳ್ಳಲಿಲ್ಲ, ನೀರನ್ನೂ ಮುಟ್ಟಲಿಲ್ಲ.

“ನಿನ್ನ ಸಿಟ್ಟು ಯಾವಾಗ ತೀರತೈತಿ?”

“ಗೊತ್ತಿಲ್ಲ ಅಕ್ಕ. ತೀರಿಲ್ಲ, ಅಷ್ಟ ಗೊತ್ತು.”

“ನನಗೂ ತೀರಿಲ್ಲ. ಅವನ ಮ್ಯಾಲ ಐತಿ, ನಿನ್ನ ಮ್ಯಾಲ ಐತಿ. ಅದನ್ನ ಹಿಡಕೊಂಡು ಕುಂತ್ರ ನನ್ನ ಒಲಿ ಹೊತ್ತಂಗಿಲ್ಲ.” ರೇಣು ಸೆರಗು ಸರಿ ಮಾಡಿಕೊಂಡಳು. “ಅಂಗಡಿ ನನ್ನ ಹೆಸರಿಗೆ ಮಾಡಿಸಿಕೊಂಡೇನಿ. ಬೋರ್ಡ್ ಬದಲಿ ಮಾಡೇನಿ. ಝೆರಾಕ್ಸ್, ಫ್ಲೆಕ್ಸ್ ಡಿಸೈನ್, ಆನ್‌ಲೈನ್ ಅರ್ಜಿ ಇಷ್ಟ ಮಾಡತೇನಿ. ಕದ್ದ ಸಾಫ್ಟ್‌ವೇರ್ ಒಂದೂ ಬ್ಯಾಡ. ಮಷೀನಿಗೆ ಲಿನಕ್ಸ್ ಹಾಕಿ ಕೊಡತೀಯೋ, ಬ್ಯಾರೆ ಯಾರನ್ನರ ಕರೀಲೋ?”

ದುರ್ಗಾ ಮರುದಿನವೇ ಬೈಲಹೊಂಗಲಕ್ಕೆ ಹೋದಳು.

ಅಂಗಡಿಯ ಮೂಲೆಯಲ್ಲಿ ಝೆರಾಕ್ಸ್ ಮಷೀನಿನ ಪಕ್ಕ ಮಲ್ಲಿಕಾರ್ಜುನ ಕುಳಿತಿದ್ದ. ಹೆಂಡತಿಯ ಅಂಗಡಿಯಲ್ಲಿ ಕಾಗದ ತಿರುವಿ ಹಾಕುವುದು ಈಗ ಅವನ ಕೆಲಸ. ದಪ್ಪ ಮೀಸೆ ಬೋಳಿಸಿದ್ದ. ಆಕೆಯನ್ನು ನೋಡಿ ಅರ್ಧ ಎದ್ದು ಮತ್ತೆ ಕುಳಿತ. ದುರ್ಗಾ ಅವನ ಕಡೆ ಬೆನ್ನು ಮಾಡಿ ಕುರ್ಚಿ ಎಳೆದುಕೊಂಡಳು.

ಕೌಂಟರಿನ ಆ ಅಸಲಿ ಕಾರ್ಡಿನ ಮಷೀನಿಗೆ ಲಿನಕ್ಸ್ ಏರಿತು. ಡ್ರೈವರೂ ತಕರಾರಿಲ್ಲದೆ ಇಳಿಯಿತು. ಮಷೀನು ಮತ್ತೆ ಎಬ್ಬಿಸಿದರೆ ಡ್ರೈವರ್ ಹಿಡಿದಿರಲಿಲ್ಲ. ಚಿತ್ರ ದಪ್ಪ ದಪ್ಪ, ಕಿಟಕಿ ಸರಿಸಿದರೆ ಎಳೆದಾಡುತ್ತಿತ್ತು. ತೆಗೆದು ಮತ್ತೆ ಹಾಕಿದಳು. ಮತ್ತೆ ಹಾಗೇ. ಇಂಥದನ್ನು ಅವಳು ಕಂಡಿರಲಿಲ್ಲ. ರೇಣು ಸ್ಟೂಲಿನ ಮೇಲೆ ಕುಳಿತು ನೋಡುತ್ತಿದ್ದಳು.

ಮೂಲೆಯಿಂದ ದನಿ ಬಂತು. “ಸೆಕ್ಯೂರ್ ಬೂಟ್ ಚಾಲೂ ಐತಿ ಅದರಾಗ. ಬಯೋಸಿನಾಗ ಹೋಗಿ ಬಂದ್ ಮಾಡಬೇಕು. ಇಲ್ಲಂದ್ರ ಅದು ಹೊರಗಿನ ಡ್ರೈವರ್ ಒಳಗ ಬಿಡಂಗಿಲ್ಲ.”

ಅವನು ಹೇಳಿದ್ದು ಸರಿ ಎಂದು ದುರ್ಗಾಳಿಗೆ ಕೇಳಿದ ಕೂಡಲೇ ಗೊತ್ತಾಯಿತು. ಕೇಳಿಸಲೇ ಇಲ್ಲವೆಂಬಂತೆ ಮೂರನೆಯ ಸಲ ಡ್ರೈವರ್ ಹಾಕಿದಳು. ಅದು ಹಿಡಿಯುವುದಿಲ್ಲ ಎಂದು ಗೊತ್ತಿದ್ದೇ ಹಾಕಿದಳು. ಮಲ್ಲಿಕಾರ್ಜುನ ಸ್ವಲ್ಪ ಹೊತ್ತು ಕಾದು, ಝೆರಾಕ್ಸ್ ಕಟ್ಟು ಎತ್ತಿಕೊಂಡು, ಕಚೇರಿಯ ಕಡೆ ಕೊಟ್ಟುಬರುತ್ತೇನೆಂದು ಹೊರಟ.

ಅವನು ಬೀದಿಯ ತಿರುವು ದಾಟುವವರೆಗೆ ದುರ್ಗಾ ಗಾಜಿನ ಬಾಗಿಲಿನಿಂದ ನೋಡಿದಳು. ಆಮೇಲೆ ಮಷೀನು ಆರಿಸಿ, ಅದು ಏಳುವ ಮೊದಲೇ ತೆರೆಯುವ ಬಯೋಸ್ ಸೆಟ್ಟಿಂಗಿಗೆ ಹೋಗಿ, ಅವನು ಹೇಳಿದ್ದನ್ನೇ ಮಾಡಿದಳು. ಪರದೆ ತಿಳಿಯಾಗಿ ಬಂತು. ಡ್ರೈವರ್ ಹಿಡಿದಿತ್ತು.

“ಅಂವ ಹೇಳಿದ್ದ ಆತಲ್ಲ?” ರೇಣು ಕೇಳಿದಳು.

“ಹೌದು.”

“ಹೇಳತೀಯೇನ್ ಅವಗ?”

“ಇಲ್ಲ,” ಅಂದಳು ದುರ್ಗಾ. “ನೀನೂ ಹೇಳಬ್ಯಾಡ.”

ರೇಣು ಎದ್ದು, ಮೇಲೆ ಚಹಾ ಇಡಲು ಹೋದಳು. ದುರ್ಗಾ ಪ್ರಿಂಟರ್ ಜೋಡಿಸತೊಡಗಿದಳು.